ದೂರ ಏನ್ರಿ?

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಗದಗಿನ ಕಡೆ ಹುಟ್ಟಿದ ಹೆಣ್ಣುಮಗಳಿಗೆ ಇದನ್ನು ಯಾರೂ ಕೂರಿಸಿಕೊಂಡು ಕಲಿಸಬೇಕಾಗಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ, ಇಲ್ಲವೇ ಹೋದವರಿಗೇ ಏನಾದರೂ ಆಗುತ್ತದೆ. ಹಾಗಂತ ಏನೂ ತಿಳಿಯದೆ ಮನೆಯಲ್ಲಿ ಕೂರುವುದಕ್ಕೂ ಆಗುವುದಿಲ್ಲವಲ್ಲ, ಅದಕ್ಕೆ ಹಿರಿಯರು ಒಂದು ಸಣ್ಣ ಸಂದಿ ಬಿಟ್ಟಿದ್ದಾರೆ. "ದೂರ ಏನ್ರಿ?" ಎಂದು ಕೇಳಬಹುದು. ಅಷ್ಟು ಕೇಳಿದರೆ ಯಾವ ದೇವರೂ ಸಿಟ್ಟಾಗುವುದಿಲ್ಲ.

ಗಿಲ್‌ರಾಯ್ ಎಂಬ ಕಡಲಾಚೆಯ ಊರಿನ ತನ್ನ ಮನೆಯ ಬಾಗಿಲಲ್ಲಿ ನಿಂತು ಬಂಗಾರೆವ್ವ ಗಂಡನನ್ನು ಇಷ್ಟು ವರ್ಷ ಕೇಳಿಕೊಂಡು ಬಂದದ್ದು ಅಷ್ಟನ್ನೇ. ವಿರುಪಾಕ್ಷಪ್ಪ ಕೊಡುವ ಉತ್ತರದ ಮೇಲೆ ಅವಳ ಬುತ್ತಿಯ ಲೆಕ್ಕ. "ಇಲ್ಲೇ" ಎಂದರೆ ಬುತ್ತಿಯೇ ಇಲ್ಲ. "ಸ್ವಲ್ಪ ದೂರ" ಎಂದರೆ ನಾಲ್ಕು ಜೋಳದ ರೊಟ್ಟಿ. "ದೂರ" ಎಂದರೆ ಎಂಟು ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಈ ಲೆಕ್ಕ ಯಾವತ್ತೂ ತಪ್ಪಿರಲಿಲ್ಲ, ಅದೇ ಅವಳಿಗೊಂದು ಹೆಮ್ಮೆ.

ಕೇಳಬಾರದ್ದನ್ನು ಒಂದೇ ಒಂದು ಸಲ ಕೇಳಿದ್ದಳು. ಮದುವೆಯಾದ ಹೊಸತು. ವಿರುಪಾಕ್ಷಪ್ಪ ಹುಬ್ಬಳ್ಳಿಗೆ ಕೆಲಸದ ಸಂದರ್ಶನಕ್ಕೆಂದು ಸ್ಕೂಟರ್ ಹತ್ತಿದ್ದ. ಹೊಸ ಹೆಂಡತಿ ಹೊಸ್ತಿಲಲ್ಲಿ ನಿಂತು, "ಎಲ್ಲಿಗೆ ಹೊಂಟ್ರಿ?" ಅಂದುಬಿಟ್ಟಳು. ಓಣಿಯ ತಿರುವಿನಲ್ಲೇ ಸ್ಕೂಟರ್ ಜಾರಿತು, ಮುಂದಿನ ಹಲ್ಲು ಮುರಿಯಿತು, ಸಂದರ್ಶನ ತಪ್ಪಿತು. ಆ ಜಾಗದಲ್ಲಿ ಈಗ ಬಂಗಾರದ ಹಲ್ಲಿದೆ. ಅತ್ತೆ ಚನ್ನಬಸವ್ವ ಬದುಕಿರುವವರೆಗೂ ಆ ಹಲ್ಲನ್ನು ಸೊಸೆಗೆ ತೋರಿಸಿ ತೋರಿಸಿ ಮಾತಾಡಿದಳು. ಅತ್ತೆ ಸತ್ತ ಮೇಲೆ ಹಲ್ಲು ತಾನೇ ಆ ಕೆಲಸ ಮುಂದುವರಿಸಿತು. ಗಂಡ ನಕ್ಕಾಗಲೆಲ್ಲ ಬಂಗಾರೆವ್ವನಿಗೆ ತನ್ನ ಬಾಯಿತಪ್ಪು ಹೊಳೆಯುತ್ತಿತ್ತು.

ಈ ಮನುಷ್ಯನಿಗೆ ಐವತ್ತು ದಾಟಿದ ಮೇಲೆ ಹಿಮದ ಹುಚ್ಚು ಹಿಡಿಯಿತು. ಅದೂ ಎಲ್ಲರ ಹಾಗೆ ಟಿಕೆಟ್ ಕೊಂಡು, ತಂತಿಯ ಮೇಲೆ ಸಾಗುವ ತೂಗುಕುರ್ಚಿಯಲ್ಲಿ ಕೂತು ಬೆಟ್ಟ ಹತ್ತಿ, ಜಾರಿಕೊಂಡು ಇಳಿಯುವ ಸ್ಕೀ ಅಲ್ಲ. "ಕುರ್ಚಿ ಮ್ಯಾಲೆ ಕುಂತು ಹತ್ತೂದೇನು ಹತ್ತೂದು?" ಎಂದು ಅವನ ವಾದ. ಕಾಲಿಗೆ ಕಟ್ಟುವ ಉದ್ದನೆಯ ಸ್ಕೀ ಹಲಗೆಗಳ ಅಡಿಗೆ ಹಿಂದಕ್ಕೆ ಜಾರದಂಥ ತುಪ್ಪಳದ ಪಟ್ಟಿ ಅಂಟಿಸಿಕೊಂಡು, ಜನರಿಲ್ಲದ ಸಿಯೆರಾ ಬೆಟ್ಟಗಳನ್ನು ತಾನೇ ಕಾಲೆಳೆದುಕೊಂಡು ಹತ್ತಬೇಕು. ಹತ್ತುವುದು ಬೆಳಗಿನಿಂದ ಮಧ್ಯಾಹ್ನದ ತನಕ, ಇಳಿಯುವುದು ಒಂದು ಚಹಾ ಕುಡಿಯುವಷ್ಟರಲ್ಲಿ. ಇದಕ್ಕೆ ಆಟ ಅನ್ನುತ್ತಾರಲ್ಲ ಎಂದು ಬಂಗಾರೆವ್ವ ಮೊದಮೊದಲು ಹಣೆ ಚಚ್ಚಿಕೊಂಡಳು. ಆಮೇಲೆ ಬೆಟ್ಟದಿಂದ ಇಳಿದು ಬಂದ ಗಂಡನ ಮುಖ ನೋಡಿ ಸುಮ್ಮನಾದಳು. ಆ ಮುಖಕ್ಕಾಗಿ ಎಂಟು ರೊಟ್ಟಿ ಬಡಿಯುವುದು ದೊಡ್ಡದಲ್ಲ ಅನ್ನಿಸಿತು.

ಹುಚ್ಚಿಗೆ ಜೊತೆಯೂ ಸಿಕ್ಕಿತ್ತು. ಮೈಸೂರಿನ ಕಲೀಮ್, ಸಾಂಟಾ ಕ್ಲಾರಾದಲ್ಲಿ ಚಿಪ್ ಕಂಪನಿಯ ಎಂಜಿನಿಯರು. ಅವನ ತಂಗಿ ಐಮನ್, ಬರ್ಕ್ಲಿಯಲ್ಲಿ ಗುಡ್ಡ ಕುಸಿತದ ಬಗ್ಗೆ ಸಂಶೋಧನೆ ಮಾಡುವವಳು. ಇಬ್ಬರೂ ಮೊದಲು ಅಂಕಲ್, ಆಂಟಿ ಅನ್ನುತ್ತಿದ್ದರು. "ಅಂಕಲ್ ಅಂದ್ರ ಬ್ಯಾಂಕಿನವರು ಕರದಂಗ ಆಕ್ಕೈತಿ, ಕಾಕಾ ಅನ್ರಿ" ಎಂದು ವಿರುಪಾಕ್ಷಪ್ಪ ತಿದ್ದಿದ್ದ. ಹಾಗೆ ಅವನು ಕಾಕಾ, ಅವಳು ಕಾಕು ಆದರು. ಪ್ರತಿ ವರ್ಷ ಮಾರ್ಚ್ ಕೊನೆಯ ಶನಿವಾರ ಮೂವರೂ ಒಂದೇ ಬೆಟ್ಟಕ್ಕೆ ಹೋಗುವುದು. ಅದರ ನೆತ್ತಿಯ ಕೆಳಗೆ ಹಿಮ ತುಂಬಿಕೊಂಡ ದೊಡ್ಡ ತಗ್ಗಿಗೆ ವಿರುಪಾಕ್ಷಪ್ಪ 'ಬೋಗುಣಿ' ಎಂದು ಹೆಸರಿಟ್ಟಿದ್ದ.

ಈ ವರ್ಷ ಜನವರಿಯ ಮಳೆ ಗಾಳಿ ಬೆಟ್ಟಕ್ಕೆ ಹೋಗುವ ದಾರಿಗಳನ್ನೆಲ್ಲ ಕೆಡಿಸಿ ಹಾಕಿತ್ತು. ಅದಕ್ಕೇ ಆ ಭಾನುವಾರ ಬಂಗಾರೆವ್ವನ ಊಟದ ಟೇಬಲ್ ಮೇಲೆ ನಕ್ಷೆ ಹಾಸಿ, ಮೂಲೆಗಳಿಗೆ ಉಪ್ಪಿನಕಾಯಿ ಬಾಟಲಿ ಹೇರಿ ಮೂವರೂ ತಲೆ ಬಗ್ಗಿಸಿದ್ದರು. ರಂಜಾನ್ ತಿಂಗಳು, ಅಣ್ಣ ತಂಗಿ ಇಬ್ಬರಿಗೂ ಉಪವಾಸ. ಹೊತ್ತು ಮುಳುಗುವುದರೊಳಗೆ ಬಿಸಿ ರೊಟ್ಟಿ ಆಗಿರಬೇಕೆಂದು ಬಂಗಾರೆವ್ವ ಒಲೆಯ ಮುಂದಿದ್ದಳು. ಕಿವಿ ಮಾತ್ರ ಟೇಬಲ್ ಕಡೆಗಿತ್ತು.

"ಕಾಕಾ, ಬೆಟ್ಟಕ್ಕೆ ಏನೂ ಆಗಿಲ್ಲ, ಸ್ನೋ ಸೂಪರ್ ಆಗಿದೆ" ಎಂದಳು ಐಮನ್. "ಪ್ರಾಬ್ಲಂ ಇರೋದು ಬೆಟ್ಟದ ಬುಡ ಮುಟ್ಟೋದು."

"ದೇವರು ವರ ಕೊಟ್ರೂ ಪೂಜಾರಿ ಕೊಡವಲ್ಲ ಅನ್ನು" ಎಂದ ವಿರುಪಾಕ್ಷಪ್ಪ.

ದಾರಿ ಮೂರಿದ್ದವು. ಮೂರಕ್ಕೂ ಅವನೇ ಅಲ್ಲೇ ಹೆಸರಿಟ್ಟ. ಒಂದು ಹಳ್ಳದ ದಾರಿ: ಮೋರಿ ಕೊಚ್ಚಿಹೋಗಿ, ಮೊಣಕಾಲುದ್ದದ ನೀರಿನಲ್ಲಿ ಗಮ್‌ಬೂಟು ಹಾಕಿಕೊಂಡು ದಾಟಬೇಕು. ಇನ್ನೊಂದು ಗೇಟಿನ ದಾರಿ. ಅಲ್ಲಿ ಗುಡ್ಡ ಕುಸಿದು ಡಾಂಬರು ರಸ್ತೆ ಅರ್ಧ ಹೋಗಿದೆ, ಕೆಳಗೇ ಗೇಟು ಹಾಕಿದ್ದಾರೆ, ಕಾರು ಬಿಡುವುದಿಲ್ಲ. ಆದರೆ ಸೈಕಲ್ಲಿಗೆ ಅಡ್ಡಿಯಿಲ್ಲವೆಂದು ಐಮನ್ ಅರಣ್ಯ ಕಚೇರಿಗೆ ಫೋನು ಮಾಡಿ ಕೇಳಿಕೊಂಡಿದ್ದಳು. ಸ್ಕೀಗಳನ್ನು ಬೆನ್ನಿಗೆ ಕಟ್ಟಿಕೊಂಡು ಐದು ಮೈಲಿ ಏರು ತುಳಿದರೆ ಹಿಮ ಸಿಗುತ್ತದೆ. ಮೂರನೆಯದು ಎಲ್ಲಕ್ಕಿಂತ ಚಿಕ್ಕದು, ಎರಡೇ ಮೈಲಿಯ ಕಾಲುದಾರಿ. ಎರಡು ಬೇಸಿಗೆಯ ಹಿಂದೆ ಅಲ್ಲಿ ಕಾಡು ಸುಟ್ಟಿತ್ತು. ನಿಂತೇ ಸತ್ತ ಪೈನ್ ಮರಗಳು ಈ ಚಳಿಗಾಲದ ಗಾಳಿಗೆ ದಾರಿಗಡ್ಡವಾಗಿ ಬಿದ್ದಿದ್ದವು. ಎಷ್ಟು ಬಿದ್ದಿವೆ, ಯಾರಿಗೂ ಗೊತ್ತಿಲ್ಲ. ಅದು ಸುಟ್ಟ ದಾರಿ.

"ಸುಟ್ಟ ದಾರೀನ ಛಲೋ" ಎಂದ ವಿರುಪಾಕ್ಷಪ್ಪ. "ಟೊಂಗಿ ಸವರಿಕೋತ ಹೋದ್ರ ಆತು. ಎರಡ ಮೈಲಿ."

ಐಮನ್ ನಕ್ಷೆಯ ಮೇಲಿನ ಸುಟ್ಟ ದಾರಿಗೆ ಬೆರಳಿಟ್ಟಳು. "ಕಾಕಾ, ನೀವೇ ನಮಗೆ ಹೇಳಿಕೊಟ್ಟ ರೂಲು. ಮೂರು ಜನದಲ್ಲಿ ಒಬ್ಬರು ಬೇಡ ಅಂದ್ರೆ ಆ ದಾರಿ ಬೇಡ. ವಾದ ಇಲ್ಲ."

"ಹೌದು, ನಂದ ರೂಲು."

"ಸತ್ತ ಮರ ಯಾವಾಗ ಬೀಳುತ್ತೆ, ಬಿದ್ದಿರೋದು ಯಾವಾಗ ಉರುಳುತ್ತೆ, ಹೇಳಕ್ಕಾಗಲ್ಲ. ನಾನು ಬೇಡ ಅಂತಿದೀನಿ."

ತಾನು ಹೆಣೆದ ಬಲೆಗೆ ತಾನೇ ಬಿದ್ದವನ ಹಾಗೆ ವಿರುಪಾಕ್ಷಪ್ಪ ಗಡ್ಡ ಕೆರೆದುಕೊಂಡ. "ಆತವ್ವ" ಎಂದ.

ರೊಟ್ಟಿ ಬಡಿಯುತ್ತಿದ್ದ ಬಂಗಾರೆವ್ವನ ಕೈ ಒಂದು ಗಳಿಗೆ ನಿಂತಿತು. ಈ "ಆತವ್ವ" ಅವಳಿಗೆ ಗೊತ್ತು. ಸಕ್ಕರೆ ಬಿಡಿ ಎಂದ ಡಾಕ್ಟರಮ್ಮನಿಗೂ ಅವನು ಹೀಗೇ ಅಂದಿದ್ದ. ಗೇಟಿನ ದಾರಿ ಅವನಿಗೆ ಯಾಕೆ ಬೇಡವೆಂಬುದೂ ಗೊತ್ತಿತ್ತು. ಅವನ ಬಲ ಮೊಣಕಾಲಿಗೆ ಬೇಸಿಗೆಯಲ್ಲಿ ಆಪರೇಷನ್ ಇದೆ. ಹಿಂದಿನ ವಾರ ಅವನು ಸೈಕಲ್ ಹತ್ತಿ ಓಣಿಯ ಏರಿನವರೆಗೆ ಹೋಗಿ, ಅರ್ಧಕ್ಕೆ ಇಳಿದು, ಕುಂಟುತ್ತ ತಳ್ಳಿಕೊಂಡು ಬಂದದ್ದನ್ನು ಅವಳು ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳು. ಒಳಗೆ ಬಂದವನು ಟೈರಿನಲ್ಲಿ ಗಾಳಿ ಇಲ್ಲ ಅಂದಿದ್ದ. ಐದು ಮೈಲಿ ಸೈಕಲ್ ಎಂದರೆ ಈ ವರ್ಷ ಬೋಗುಣಿ ಇಲ್ಲ. ಆಪರೇಷನ್ ಆದ ಮೇಲೆ ಹೇಗೋ ಏನೋ. ಪಾಪ ಅನ್ನಿಸಿತು ಅವಳಿಗೆ. ಗಂಡಸು ಮರ್ಯಾದೆ ಉಳಿಸಿಕೊಳ್ಳಲಿ ಎಂದು ಬಾಯಿ ಬಿಡಲಿಲ್ಲ.

"ಹಂಗಾದ್ರೆ ಗೇಟಿನ ದಾರಿ ಫಿಕ್ಸ್" ಎಂದ ಕಲೀಮ್. "ಈದ್ ಮುಗೀಲಿ ಕಾಕಾ, ಮೊದಲು ನಾನೂ ನೀವೂ ಹೋಗಿ ರಸ್ತೆ ನೋಡ್ಕೊಂಡು ಬರೋಣ."

ಹೊತ್ತು ಮುಳುಗಿತು. ನಕ್ಷೆ ಮಡಚಿ ಅದೇ ಜಾಗದಲ್ಲಿ ಖರ್ಜೂರ, ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಂದವು. ಕಲೀಮ್ ಆರನೆಯ ರೊಟ್ಟಿಗೆ ಕೈ ಹಾಕಿದಾಗ ಬಂಗಾರೆವ್ವನಿಗೆ ಹೊಟ್ಟೆ ತಣ್ಣಗಾಯಿತು.

ಮಂಗಳವಾರ ಬೆಳಿಗ್ಗೆ ವಿರುಪಾಕ್ಷಪ್ಪ ಬೇಗ ಎದ್ದು ಹಳೆಯ ಜಾಕೆಟ್ ಹಾಕಿಕೊಂಡ.

"ದೂರ ಏನ್ರಿ?"

"ಹೂಂ. ದೂರ."

ಎಂಟು ರೊಟ್ಟಿ ಕಟ್ಟಿದಳು. ಸ್ಕೀಗಳು ಗ್ಯಾರೇಜಿನಲ್ಲೇ ಇದ್ದದ್ದರಿಂದ ಬೆಟ್ಟದ ಯೋಚನೆ ಅವಳಿಗೆ ಬರಲಿಲ್ಲ. ಅವನು ಬುತ್ತಿ ತೆಗೆದುಕೊಂಡು ಬಾಗಿಲಲ್ಲಿ ತಡೆದು ನಿಂತ. "ಹುಡುಗರು ಪಾಪ ಉಪವಾಸ ಅದಾರ, ಅವರನ್ನ ಯಾಕ ತ್ರಾಸು ಮಾಡೂದು ಅಂತ ನಾನ ಇವತ್ತ…" ಎಂದು ಶುರು ಮಾಡಿದ.

ಬಂಗಾರೆವ್ವ ಎರಡೂ ಕಿವಿಗೆ ಕೈ ಇಟ್ಟುಕೊಂಡು ಒಳಗೆ ತಿರುಗಿಯೇಬಿಟ್ಟಳು. ಕೇಳುವುದು ತಪ್ಪಾದರೆ ಹೊಸ್ತಿಲಲ್ಲಿ ಹೇಳಿಸಿಕೊಳ್ಳುವುದೂ ತಪ್ಪೇ ಅಲ್ಲವೇ? "ಹೂಂ ಹೂಂ, ಹೋಗಿ ಬರ್ರಿ" ಎಂದಳು. ಅವನು ನಕ್ಕಿರಬೇಕು, ಬಂಗಾರದ ಹಲ್ಲು ಬಿಟ್ಟು. ಅವಳು ನೋಡಲಿಲ್ಲ.

ಸಂಜೆ ನಾಲ್ಕಕ್ಕೆ ಮೊಣಕಾಲಿನ ವ್ಯಾಯಾಮ ಮಾಡಿಸುವ ಕ್ಲಿನಿಕ್ಕಿನಿಂದ ಫೋನು ಬಂತು. ನಿಮ್ಮವರು ಬಂದಿಲ್ಲವಲ್ಲ ಎಂದರು. ವಿರುಪಾಕ್ಷಪ್ಪ ಅದೊಂದನ್ನು ಮಾತ್ರ ಯಾವತ್ತೂ ತಪ್ಪಿಸಿದವನಲ್ಲ, ಮುಂದಿನ ಚಳಿಗಾಲದ ಆಸೆಯೆಲ್ಲ ಆ ವ್ಯಾಯಾಮದ ಮೇಲೆ ನಿಂತಿತ್ತು. ಅವನ ಫೋನಿಗೆ ಮಾಡಿದಳು, ಹೋಗಲಿಲ್ಲ. ಮತ್ತೆ ಮಾಡಿದಳು. ಮೂರನೆಯ ಸಲವೂ ಹೋಗಲಿಲ್ಲ. ಕಲೀಮನಿಗೆ ಮಾಡಿದಳು.

ಕಲೀಮನ ದನಿ ಒಮ್ಮೆಲೇ ಬದಲಾಯಿತು. "ಎಲ್ಲಿಗೆ ಹೋಗಿದ್ದಾರೆ ಕಾಕೂ?"

"ನಾ ಕೇಳಿಲ್ಲಪಾ."

"ಹೇಳಿರ್ತಾರಲ್ಲ?"

"ಹೇಳಿಲ್ಲ."

"ಹಿಂದೆ ಯಾವತ್ತೂ ಹೇಳಿಲ್ವಾ? ನಾವು ಬೆಟ್ಟಕ್ಕೆ ಹೋದಾಗ? ಯಾವ ದಾರಿ, ಎಷ್ಟೊತ್ತಿಗೆ ವಾಪಸ್ಸು ಅಂತ ಮನೇಲಿ ಒಬ್ಬರಿಗೆ ಗೊತ್ತಿರಲೇಬೇಕು ಅಂತ ಐಮನ್ ಪ್ರತಿ ಸಲ ಕೇಳ್ತಾಳೆ. 'ನಮ್ಮಾಕಿಗೆ ಎಲ್ಲಾ ಗೊತ್ತೈತಿ' ಅಂತಾರೆ ಕಾಕಾ."

ಬಂಗಾರೆವ್ವ ಕುರ್ಚಿ ಹುಡುಕಿ ಕೂತಳು. ಇಷ್ಟು ವರ್ಷ ಗಂಡ ಹಿಮದಲ್ಲಿ ಹತ್ತಿ ಇಳಿದದ್ದು ತನಗೆ ಗೊತ್ತಿದೆ ಎಂಬ ಧೈರ್ಯದ ಮೇಲೆ, ತನಗೋ ರೊಟ್ಟಿಯ ಲೆಕ್ಕ ಬಿಟ್ಟು ಬೇರೇನೂ ಗೊತ್ತಿಲ್ಲ. "ಎಂಟು ರೊಟ್ಟಿ ಒಯ್ದಾರ" ಎಂದಳು. "ಅಂದ್ರ ದೂರ. ಮತ್ತ ಹುಡುಗರು ಉಪವಾಸ ಅದಾರ, ತ್ರಾಸು ಯಾಕ ಅಂತ ಏನೋ ಅನ್ನಾಕ ಹತ್ತಿದ್ರು. ನಾನ ಕಿವಿ ಮುಚ್ಚಿಕೊಂಡ್ನಿ."

"ಯಾ ಅಲ್ಲಾ, ರಸ್ತೆ ನೋಡಕ್ಕೆ ಒಬ್ಬರೇ ಹೋಗಿದ್ದಾರೆ." ಕಲೀಮನಿಗೆ ತಕ್ಷಣ ಅರ್ಥವಾಯಿತು. "ಕಾಕೂ, ಆ ಕಿತ್ತಳೆ ಬಣ್ಣದ ಡಬ್ಬಿ ಇದೆಯಲ್ಲ, ಸಿಗ್ನಲ್ ಇಲ್ಲದ ಕಡೆಯಿಂದ ಮೆಸೇಜು ಕಳಿಸೋದು, ತಗೊಂಡು ಹೋಗಿದ್ದಾರಾ?"

ಡಬ್ಬಿ ಮಿಕ್ಸರ್ ಪಕ್ಕದಲ್ಲಿ ಚಾರ್ಜಿಗೆ ಕೂತು ಹಸಿರು ಕಣ್ಣು ಮಿಟುಕಿಸುತ್ತಿತ್ತು. ಸ್ಕೀ ದಿನಕ್ಕೆ ಡಬ್ಬಿ, ವಾಕಿಟಾಕಿ, ಶಿಳ್ಳೆ, ಸಲಿಕೆ, ಎಲ್ಲದಕ್ಕೂ ಲೆಕ್ಕ ಉಂಟು. ಸುಮ್ಮನೆ ರಸ್ತೆ ನೋಡಿ ಬರುವ ದಿನಕ್ಕೆ ಯಾವ ಲೆಕ್ಕವೂ ಇರಲಿಲ್ಲ. ಆನೆ ಹೋದರೂ ಬಾಲ ಸಿಕ್ಕಿಕೊಳ್ಳುವುದು ಇಂಥ ಕಡೆಯೇ.

ಐದು ನಿಮಿಷದಲ್ಲಿ ಐಮನ್ ಕೂಡ ಅದೇ ಕರೆಗೆ ಸೇರಿಕೊಂಡಳು. ಇನ್ನೊಂದು ಫೋನಿನಲ್ಲಿ ಆ ಬೆಟ್ಟದ ಕಡೆಯ ಶೆರಿಫ್ ಆಫೀಸಿನವರನ್ನು, ಅಂದರೆ ಅಲ್ಲಿಯ ಪೊಲೀಸರನ್ನು, ಹಿಡಿದಿದ್ದಳು. ಕತ್ತಲಾಗುವ ಮೊದಲು ಹೊರಡಿಸಲು ಅವರ ಬಳಿ ಹುಡುಕುವವರ ಒಂದೇ ತಂಡವಿತ್ತು. ಮೂರು ದಾರಿಗಳ ಬಾಯಿ ಮೂರು ದಿಕ್ಕಿಗೆ, ಒಂದರಿಂದ ಇನ್ನೊಂದಕ್ಕೆ ಸುತ್ತು ಹಾಕಿ ಹೋಗಲು ಗಂಟೆಗಟ್ಟಲೆ ಬೇಕು. ಯಾವ ದಾರಿ ಎಂದು ಕೇಳುತ್ತಿದ್ದರು.

"ಗೇಟಿನ ದಾರಿ ಅಂತ ಹೇಳು" ಎಂದ ಕಲೀಮ್. "ಭಾನುವಾರ ಅದನ್ನೇ ಅಲ್ವಾ ಡಿಸೈಡ್ ಮಾಡಿದ್ದು."

"ತಡೀಪಾ" ಎಂದಳು ಬಂಗಾರೆವ್ವ.

ಫೋನು ಕಿವಿಗೆ ಒತ್ತಿಕೊಂಡೇ ಗ್ಯಾರೇಜಿಗೆ ಹೋದಳು. ಸೈಕಲ್ ಗೋಡೆಗೆ ನೇತಾಡುತ್ತಿತ್ತು. "ಸೈಕಲ್ ಇಲ್ಲೇ ಐತಿ."

"ನಡ್ಕೊಂಡು ಹೋಗಿರಬಹುದು ಕಾಕೂ."

"ಆ ಮೊಣಕಾಲು ಹಿಡಕೊಂಡು ಐದು ಮೈಲಿ ಏರು ನಡೀತಾರ? ಇಲ್ಲ." ಹಿತ್ತಲ ಬಾಗಿಲಿಗೆ ಬಂದಳು. ಗಮ್‌ಬೂಟುಗಳು ತೋಟದ ಹಳೆಯ ಮಣ್ಣು ಮೆತ್ತಿಕೊಂಡು ಅಲ್ಲೇ ಇದ್ದವು. ಹಳ್ಳದ ದಾರಿಯೂ ಅಲ್ಲ. ಕೊನೆಗೆ ಕರಿಬೇವಿನ ಗಿಡದ ಹತ್ತಿರದ ಗೋಡೆಗೆ ಕಣ್ಣು ಹೋಯಿತು. ಅಲ್ಲಿ ಮೊಳೆಗೆ ಒಂದು ಮಡಚುವ ಗರಗಸ ತೂಗುತ್ತಿರುತ್ತದೆ. ಕರಿಬೇವು, ನುಗ್ಗೆ ಸವರಲು ಅವಳದೇ ಗರಗಸ, ಅವಳ ಹೊರತು ಯಾರೂ ಮುಟ್ಟುವುದಿಲ್ಲ. ಮೊಳೆ ಖಾಲಿ ಇತ್ತು.

"ಗರಗಸ ಇಲ್ಲ" ಎಂದಳು. "ಸುಟ್ಟ ದಾರಿಗೆ ಹೋಗ್ಯಾರ."

"ಆದರೆ ಕಾಕಾ ಆ ದಾರಿ ಬೇಡ ಅಂತ ಒಪ್ಪಿಕೊಂಡ್ರಲ್ಲ?" ಎಂದಳು ಐಮನ್. "ನಾನು ಬೇಡ ಅಂದೆ, ಆತವ್ವ ಅಂದ್ರು."

"ಡಾಕ್ಟರಮ್ಮಗೂ ಆತವ್ವ ಅಂದಾರ. ಚಾದಾಗ ಇವತ್ತಿಗೂ ಮೂರು ಚಮಚ ಸಕ್ಕರಿ. ಅವರ ಆತವ್ವ ನನಗ ಗೊತ್ತೈತಿ, ನಿಮಗ ಗೊತ್ತಿಲ್ಲ."

ತನ್ನ ಮಾತು ತಪ್ಪಾದರೆ ಗಂಡ ಇನ್ನೊಂದು ದಾರಿಯಲ್ಲಿ ಹಿಮದ ಚಳಿಗೆ ಬೆಳಗಿನ ತನಕ ಬಿದ್ದಿರುತ್ತಾನೆ. ಆದರೂ ಖಾಲಿ ಮೊಳೆಯಿಂದ ಕಣ್ಣು ಕೀಳದೆ ಹೇಳಿದಳು: "ಸುಟ್ಟ ದಾರಿಗೇ ಕಳಸವ್ವಾ. ನಾ ಹೇಳಾಕತ್ತೇನಿ."

ಕಲೀಮ್ ಆಫೀಸಿನಿಂದ ನೇರ ಗಿಲ್‌ರಾಯ್‌ಗೆ ಬಂದು ಅವಳನ್ನು ಕಾರಿಗೆ ಹತ್ತಿಸಿಕೊಂಡ. ಪಚೇಕೋ ಕಣಿವೆ ಏರಿ, ಜಲಾಶಯದ ನೀರನ್ನು ಬಲಕ್ಕೆ ಬಿಟ್ಟು, ಕಾರು ಆಚೆ ಬಯಲಿಗೆ ಇಳಿಯಿತು. ಬಂಗಾರೆವ್ವ ಮನಸ್ಸಿನಲ್ಲೇ ಒಂದು ಸಲ ಬಸವಣ್ಣನನ್ನು ನೆನೆದಳು, ಇನ್ನೊಂದು ಸಲ ಗಂಡನನ್ನು ಬೈದಳು. ಕರಿಬೇವು ಸವರುವ ಗರಗಸ ಹಿಡಿದು ಪೈನ್ ಮರ ಕಡಿಯಲು ಹೋದ ಜಾಣ! ಬೈದ ಮರುಕ್ಷಣ ಅಳು ಬರುತ್ತಿತ್ತು. ಅತ್ತೆ ಚನ್ನಬಸವ್ವನನ್ನೂ ಬೈದಳು, ಅದು ಮೊದಲ ಸಲ. ಕೇಳಿದ್ದಕ್ಕೆ ಹೋದದ್ದು ಒಂದು ಹಲ್ಲು. ಕೇಳದೆ ಇದ್ದದ್ದಕ್ಕೆ ಏನು ಹೋಗಲಿದೆಯೋ?

ಬಾದಾಮಿ ತೋಟಗಳ ಮೇಲೆ ಬೆಳಕು ಕೆಂಪಾಗಿ ಮುಗಿಯಿತು. ಅವಳು ಸೆರಗಿನ ಗಂಟು ಬಿಚ್ಚಿ ಖರ್ಜೂರ ತೆಗೆದು ಕಲೀಮನ ಅಂಗೈಗೆ ಇಟ್ಟಳು. "ಹೊತ್ತು ಮುಳುಗೇತಿ. ಬಾಯಾಗ ಹಾಕ್ಕೋ."

"ನೀವೂ ತಿನ್ನಿ ಕಾಕೂ. ಮಧ್ಯಾಹ್ನದಿಂದ ಏನೂ ತಿಂದಿರಲ್ಲ."

"ನನಗ ಬ್ಯಾಡ."

ಅವನು ನೀರು ಕುಡಿದು ಬಾಟಲಿ ಮುಚ್ಚುವಷ್ಟರಲ್ಲಿ ಫೋನು ಬಂತು. ಐಮನ್ ಜೋರಾಗಿ ಕೂಗುತ್ತಿದ್ದಳು, ಅಳುತ್ತಲೂ ಇದ್ದಳು. "ಸಿಕ್ಕಿದ್ರು ಕಾಕೂ! ಸುಟ್ಟ ದಾರೀಲೇ! ಕಾರು ಅಲ್ಲೇ ನಿಂತಿತ್ತಂತೆ, ಟೀಮಿನವರು ಕೂಗಿದ್ರೆ ಒಳಗಿಂದ ಓ ಅಂದ್ರಂತೆ. ಕಾಲು ಮರದ ಕೆಳಗೆ ಸಿಕ್ಕಿಕೊಂಡಿತ್ತು. ಈಗ ಬಿಡಿಸಿದ್ದಾರೆ. ಚಳಿಗೆ ನಡುಗ್ತಿದ್ದಾರೆ, ಆದರೆ ಮಾತಾಡ್ತಿದ್ದಾರೆ. ತಾವು ಕೂತಿದ್ದ ಕಡೆಯಿಂದಲೇ ಅವರಿಗೆಲ್ಲ ರೊಟ್ಟಿ ಕೊಟ್ರಂತೆ!"

ಕಲೀಮ್ ಕಾರನ್ನು ಪಕ್ಕಕ್ಕೆ ಹಾಕಿ ಸ್ಟಿಯರಿಂಗ್ ಮೇಲೆ ತಲೆ ಇಟ್ಟ. ಬಂಗಾರೆವ್ವ ಕಣ್ಣೊರೆಸಿಕೊಳ್ಳಲಿಲ್ಲ, ಸುರಿಯಲು ಬಿಟ್ಟಳು. ಎದೆಯೊಳಗಿನ ಕಲ್ಲು ಕರಗಿ ಕಣ್ಣಿಂದ ಹರಿದುಹೋಗುತ್ತಿತ್ತು. ಆಮೇಲೆ ಖರ್ಜೂರವಿದ್ದ ಸೆರಗಿನ ಗಂಟಿಗೆ ಕೈ ಹಾಕಿ, ಒಂದನ್ನು ತಾನೂ ತಿಂದಳು.

ಬೆಟ್ಟದ ಬುಡದ ಊರಿನ ಸಣ್ಣ ಆಸ್ಪತ್ರೆಯಲ್ಲಿ ವಿರುಪಾಕ್ಷಪ್ಪ ಮೂರು ಕಂಬಳಿ ಹೊದ್ದು ಕೂತಿದ್ದ. ಬಲಗಾಲಿಗೆ ದಪ್ಪ ಪಟ್ಟಿ. ಮೂಳೆ ಮುರಿದಿಲ್ಲ, ಆದರೆ ಈ ವರ್ಷದ ಸ್ಕೀ ಮುಗಿಯಿತೆಂದು ಅಲ್ಲಿಯ ಡಾಕ್ಟರು ಹೇಳಿದ್ದರು. ಹೆಂಡತಿಯನ್ನು ಕಂಡು ಅವನು ತಲೆ ತಗ್ಗಿಸಿದ. ಬಡಿಯಬೇಕೆಂದುಕೊಂಡು ಬಂದವಳು ಅವನ ತಣ್ಣನೆಯ ಕೈ ಹಿಡಿದು ತಿಕ್ಕುತ್ತ ನಿಂತಳು.

"ಟೊಂಗಿ ಕೊಯ್ದ ಕೂಡ್ಲೆ ಮರದ ಬೊಡ್ಡಿ ಹೊಳ್ಳಿ ಕಾಲ ಮ್ಯಾಲೆ ಉರುಳಿತು" ಎಂದ ಅವನು. "ಐಮನ್ ಹೇಳಿದಂಗ ಆತು. ಚಳಿ ತಡಕೊಂಡೆ, ನೋವೂ ತಡಕೊಂಡೆ. ಒಂದು ತಡಿಯಾಕ ಆಗಲಿಲ್ಲ. ಭೂಮಿ ಮ್ಯಾಲೆ ಒಬ್ಬರಿಗೂ ಗೊತ್ತಿಲ್ಲ ನಾ ಎಲ್ಲಿ ಅದೇನಿ ಅಂತ. ಹುಡುಗರ ಮುಂದ ನಿನ್ನ ಹೆಸರು ಹೇಳ್ಕೋತ ಬಂದೆ, ನಮ್ಮಾಕಿಗೆ ಗೊತ್ತೈತಿ, ನಮ್ಮಾಕಿಗೆ ಗೊತ್ತೈತಿ ಅಂತ. ಖರೇ ಬೇಕಾದಾಗ ನಿನಗ ಗೊತ್ತಿರಲಿಲ್ಲ."

"ಹೇಳಾಕ ಬಂದಾಗ ನಾನ ಕಿವಿ ಮುಚ್ಚಿದ್ನಿ."

"ನಾ ಜೋರಾಗಿ ಹೇಳಬೇಕಿತ್ತು."

"ಆ ಹುಡುಗಿ ಬ್ಯಾಡ ಅಂದ ಮ್ಯಾಲೆ ಹೋಗಬಾರದಿತ್ತು" ಎಂದು ಬಂಗಾರೆವ್ವ ಈಗ ಸರಿಯಾಗಿ ಗದರಿದಳು. "ನನ್ನ ಗರಗಸ ಎಲ್ಲಿ?"

"ಬೊಡ್ಡಿ ಕೆಳಗ ಐತಿ" ಎಂದ ಅವನು, ತೀರಾ ಸಣ್ಣ ದನಿಯಲ್ಲಿ.

ಈದ್ ಮುಗಿದು ಮಾರ್ಚ್ ಕೊನೆಯ ಶನಿವಾರ ಬಂತು. ಕಲೀಮ್ ಮತ್ತು ಐಮನ್ ಕಾರಿನ ಮೇಲೆ ಎರಡು ಸೈಕಲ್ ಕಟ್ಟಿಕೊಂಡು, ಒಂದು ಪಾತ್ರೆ ತುಂಬ ಈದಿನ ಪಾಯಸ ಶೀರ್ ಖುರ್ಮಾ ತಂದು ಮನೆ ಮುಂದೆ ನಿಂತರು. ಹೋದ ವಾರವೆಲ್ಲ ವಿರುಪಾಕ್ಷಪ್ಪ ಮಂಕಾಗಿ ಕೂತಿದ್ದ. ಐಮನ್ ಫೋನು ಮಾಡಿ, "ಕಾಕಾ, ಗೇಟಿನ ಹತ್ತಿರ ಒಬ್ಬರು ಬೇಕೇ ಬೇಕು. ವಾಕಿಟಾಕಿ ಹಿಡಿದು ಗಂಟೆಗೊಮ್ಮೆ ನಮ್ಮ ಜೊತೆ ಮಾತಾಡೋರು, ಮೋಡ ನೋಡಿ ವಾಪಸ್ ಬನ್ನಿ ಅನ್ನೋರು. ಇನ್ನು ಮೇಲೆ ಪ್ರತಿ ವರ್ಷ ಒಬ್ಬರು ಕೆಳಗೆ ಇರಬೇಕು ಅಂತ ಹೊಸ ರೂಲು. ಈ ವರ್ಷ ನಿಮ್ಮ ಪಾಳಿ" ಅಂದಮೇಲೆ ಮುಖಕ್ಕೆ ಜೀವ ಬಂದಿತ್ತು. ಈಗ ಮಡಚುವ ಕುರ್ಚಿ, ದುರ್ಬೀನು, ಉಣ್ಣೆ ಟೊಪ್ಪಿಗೆ ಎಲ್ಲ ಜೋಡಿಸಿಕೊಂಡು ಊರುಗೋಲು ಊರುತ್ತ ಬಾಗಿಲಿಗೆ ಬಂದ. "ಬರ್ತೇನಿ" ಎಂದು "ದೂರ ಏನ್ರಿ" ಅನ್ನುವ ಮಾತಿಗಾಗಿ ಕಾದ.

ಬಂಗಾರೆವ್ವ ಹೊಸ್ತಿಲ ಒಳಗೆ ನಿಂತಿದ್ದಳು. ಅಂಗಳದಲ್ಲಿ ಕಲೀಮ್ ಸೈಕಲ್ಲಿನ ಪಟ್ಟಿ ಬಿಗಿಯುವುದನ್ನು ನಿಲ್ಲಿಸಿದ.

"ಎಲ್ಲಿಗೆ ಹೊಂಟ್ರಿ?" ಎಂದಳು.

ವಿರುಪಾಕ್ಷಪ್ಪ ಅವಳ ಮುಖವನ್ನೇ ನೋಡಿದ. ಎಷ್ಟೋ ವರ್ಷದ ಮೇಲೆ ಅವಳ ಬಾಯಿಂದ ಆ ಮಾತು ಕೇಳುತ್ತಿದ್ದ. ತುಟಿಯ ಸಂದಿಯಲ್ಲಿ ಬಂಗಾರದ ಹಲ್ಲು ಹೊಳೆಯಿತು. "ಗೇಟಿನ ದಾರಿಗೆ" ಎಂದ. "ಗೇಟಿನ ತನಕ ಕಾರು. ಅಲ್ಲಿಂದ ಮುಂದ ಒಂದ ಹೆಜ್ಜಿನೂ ಇಡಂಗಿಲ್ಲ, ಕುರ್ಚಿ ಮ್ಯಾಲೆ ಕೂಡ್ತೇನಿ. ಹುಡುಗರು ಸೈಕಲ್ ಮ್ಯಾಲೆ ಹೋಗಿ, ಬೋಗುಣಿ ಹತ್ತಿ, ನಾಕಕ್ಕ ಇಳೀತಾರ. ಆರಕ್ಕ ನಿನಗ ಮೆಸೇಜು. ಎಂಟಾದ್ರೂ ಮೆಸೇಜು ಬರಲಿಲ್ಲಂದ್ರ ಶೆರಿಫ್‌ಗೆ ಫೋನ್ ಹಚ್ಚು. ನಂಬರು ಫ್ರಿಜ್ ಮ್ಯಾಲೆ ಅಂಟಿಸೇನಿ."

"ಸುಟ್ಟ ದಾರಿಗೆ ಹೋಗೂದಿಲ್ಲ?"

"ಹೋಗೂದಿಲ್ಲ."

"ಆತವ್ವ ಅನ್ನಬ್ಯಾಡ್ರಿ. ಹೋಗೂದಿಲ್ಲ ಅನ್ರಿ."

"ಹೋಗೂದಿಲ್ಲ ಅಂದೆನಲ್ಲ."

ಅವನು ಊರುಗೋಲನ್ನು ಮೆಟ್ಟಿಲಿಗೆ ಇಟ್ಟ. ಅವಳು ಉಸಿರು ಹಿಡಿದು ನೋಡಿದಳು. ಒಂದು ಮೆಟ್ಟಿಲು, ಇನ್ನೊಂದು, ಅಂಗಳ, ಕಾರಿನ ಬಾಗಿಲು. ಬೀಳಲಿಲ್ಲ. ಕಾರು ಹೊರಟು ಓಣಿಯ ತುದಿಗೆ ಹೋಯಿತು. ಆ ತಿರುವಿನಲ್ಲಿ ಗಕ್ಕನೆ ನಿಂತಿತು. ನಿಂತು ಹಿಂದಕ್ಕೆ ಬರತೊಡಗಿತು.

ಬಂಗಾರೆವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಕೇಳಿದ್ದಕ್ಕೇ ಹೀಗಾಯಿತು, ಹೊರಟ ಗಾಡಿ ತಿರುಗಿ ಬಂತು, ಅತ್ತೆ ಹೇಳಿದ್ದೇ ಸರಿ ಎಂದುಕೊಂಡಳು. ಕಾರು ಮನೆ ಮುಂದೆ ಬಂದು ನಿಂತಿತು. ಗಾಜು ಇಳಿಯಿತು.

"ಡಬ್ಬಿ ಮರತೆ" ಎಂದ ವಿರುಪಾಕ್ಷಪ್ಪ, ತಪ್ಪು ಮಾಡಿದ ಹುಡುಗನ ಹಾಗೆ. "ಮಿಕ್ಸರ್ ಬಾಜೂಕ ಐತಿ ನೋಡು."

ಅವಳಿಗೆ ನಗು ಉಕ್ಕಿ ಬಂತು. ಒಳಗೆ ಓಡಿ ಹೋಗಿ ಕಿತ್ತಳೆ ಡಬ್ಬಿಯನ್ನು ಕಿತ್ತು ತಂದು ಅವನ ಕೈಗೆ ಕೊಟ್ಟಳು. ಕೊಟ್ಟ ಕೈಯನ್ನು ಹಿಂದಕ್ಕೆ ತೆಗೆಯದೆ ಕಿಟಕಿಗೆ ಬಾಗಿದಳು.

"ಇನ್ನೊಮ್ಮೆ ಹೇಳ್ರಿ. ಎಲ್ಲಿಗೆ?"

"ಗೇಟಿನ ದಾರಿಗೆ."

"ಎಷ್ಟೊತ್ತಿಗೆ?"

"ಆರಕ್ಕ ಮೆಸೇಜು."

"ಹೋಗಿ ಬರ್ರಿ."

ಕಾರು ಮತ್ತೆ ಹೊರಟಿತು. ಈ ಸಲ ತಿರುವು ದಾಟಿ ಮರೆಯಾಯಿತು. ಬಂಗಾರೆವ್ವ ಆ ದಿನವೆಲ್ಲ ಬಟ್ಟೆ ಒಗೆಯುತ್ತ, ಕರಿಬೇವಿಗೆ ನೀರು ಹಾಕುತ್ತ ಮನಸ್ಸಿನಲ್ಲೇ ಆ ದಾರಿಯ ಮೇಲೆ ಓಡಾಡಿದಳು. ಈಗ ಗೇಟು ಮುಟ್ಟಿರುತ್ತಾರೆ, ಈಗ ಕುರ್ಚಿ ಹಾಕಿಕೊಂಡಿರುತ್ತಾರೆ, ಈಗ ಹುಡುಗರು ಬೋಗುಣಿಯ ಅಂಚಿನಲ್ಲಿ ನಿಂತಿರುತ್ತಾರೆ. ಗಂಡ ಬೆಟ್ಟಕ್ಕೆ ಹೋದ ದಿನ ಅವಳ ಮನಸ್ಸಿಗೆ ಹೋಗಲು ಒಂದು ಜಾಗ ಇದ್ದದ್ದು ಇದೇ ಮೊದಲು.

ಆರಕ್ಕೆ ಇನ್ನೂ ಸಮಯವಿರುವಾಗಲೇ ಫೋನು ಟಣ್ ಅಂದಿತು. ಇಬ್ಬರೂ ಇಳಿದರು, ರೊಟ್ಟಿ ಮುಗಿದವು, ಹೊರಟಿದ್ದೇವೆ ಎಂದು ಬರೆದಿತ್ತು. ಬಂಗಾರೆವ್ವ ಅದನ್ನು ಎರಡು ಸಲ ಓದಿ, ಒಲೆ ಹಚ್ಚಿ, ಹಿಟ್ಟು ಕಲಸಲು ಕೂತಳು.